ಮೊದಲು ಕೂದಲು, ಆಮೇಲೆ ನೀರು

ನಾಯಿ ಬೆಕ್ಕು ಸಾಕಿದ ಮನೆಯಲ್ಲಿ ಕಾರ್ಪೆಟ್ ತೊಳೆಯಲು ಹೋಗುವವರ ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಕೂದಲು ಪೂರ್ತಿ ಹೊರಬರುವ ಮೊದಲೇ ಕಾರ್ಪೆಟ್ಟಿಗೆ ನೀರು ಬಿದ್ದಿರುತ್ತದೆ. ಒಣಗಿದ ಕೂದಲನ್ನು ಎಳೆಗಳ ನಡುವಿನಿಂದ ಬಿಡಿಸಿ ತೆಗೆಯಬಹುದು. ಒದ್ದೆಯಾದ ಕೂದಲು ಎಳೆಗೆ ಅಂಟಿಕೊಳ್ಳುತ್ತದೆ, ಬ್ರಷ್ ಆಡಿದಷ್ಟೂ ಒಂದಕ್ಕೊಂದು ಹೆಣೆದುಕೊಂಡು ಗಂಟಾಗಿ ಬುಡಕ್ಕೆ ಇಳಿಯುತ್ತದೆ. ತೊಳೆದ ದಿನ ಚೆನ್ನಾಗಿಯೇ ಕಾಣುವ ಕಾರ್ಪೆಟ್ ಒಣಗಿದ ಮೇಲೆ ಮತ್ತೆ ಕೂದಲು ಉದುರಿಸತೊಡಗುತ್ತದೆ, ಜೊತೆಗೆ ಒದ್ದೆ ನಾಯಿಯ ವಾಸನೆಯೂ ಸೇರುತ್ತದೆ. ಆದ್ದರಿಂದ 6 ಅಡಿಗೆ 9 ಅಡಿಯ ಕಾರ್ಪೆಟ್ಟಿಗೆ ಒಂದು ಗಂಟೆ ಇಟ್ಟುಕೊಂಡರೆ ಅದರಲ್ಲಿ 40 ನಿಮಿಷ ಒಣ ಕೆಲಸಕ್ಕೇ ಹೋಗಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಡೆಯುವ ಎಷ್ಟೋ ಕೆಲಸಗಳಲ್ಲಿ ಈ ಲೆಕ್ಕ ತಿರುಗುಮುರುಗಾಗಿರುತ್ತದೆ: ಐದು ನಿಮಿಷ ವ್ಯಾಕ್ಯೂಮ್, ಉಳಿದದ್ದೆಲ್ಲ ಶಾಂಪೂ ನೊರೆ.

ಕೂದಲು ಯಾಕೆ ಅಷ್ಟು ಆಳಕ್ಕೆ ಇಳಿಯುತ್ತದೆ ಎಂದು ತಿಳಿದಿದ್ದರೆ ತೆಗೆಯುವ ಕ್ರಮವೂ ತಾನಾಗಿ ಹೊಳೆಯುತ್ತದೆ. ಪ್ರಾಣಿಯ ಕೂದಲಿನ ಮೇಲ್ಮೈಯಲ್ಲಿ ಬುಡದಿಂದ ತುದಿಯ ಕಡೆಗೆ ಮಲಗಿದ ಸಣ್ಣ ಸಣ್ಣ ಪದರಗಳಿರುತ್ತವೆ. ಉಜ್ಜಿದಾಗ ಕೂದಲು ತನ್ನ ಬುಡದ ದಿಕ್ಕಿಗೆ ಸುಲಭವಾಗಿ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಮನೆಯವರು ದಿನವೂ ಕಾರ್ಪೆಟ್ ಮೇಲೆ ಓಡಾಡುವಾಗ ಪ್ರತಿ ಹೆಜ್ಜೆಯೂ ಅದನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ತಳ್ಳುತ್ತಿರುತ್ತದೆ. ಉಣ್ಣೆಯಿಂದ ಕಂಬಳಿ ಗಟ್ಟಿಯಾಗುವುದೂ ಇದೇ ಗುಣದಿಂದ. ನೀರು, ಬಿಸಿ, ಉಜ್ಜಾಟ ಮೂರೂ ಸೇರಿದರೆ ಸಾಕು. ಕೂದಲು ತುಂಬಿದ ಕಾರ್ಪೆಟ್ ಮೇಲೆ ಬಿಸಿನೀರು ಹಾಕಿ, ಒಂದೇ ದುಂಡು ಬ್ರಷ್ ತಿರುಗಿ ಉಜ್ಜುವ ಸಿಂಗಲ್ ಡಿಸ್ಕ್ ಸ್ಕ್ರಬ್ಬರ್ ಓಡಿಸಿದಾಗ ನಡೆಯುವುದು ಅದೇ.

ಪ್ರಾಣಿ ಯಾವ ತಳಿಯದು ಎಂದು ಮನೆಯವರನ್ನು ಕೇಳಿಕೊಂಡೇ ಕೆಲಸಕ್ಕೆ ಹೋಗಬೇಕು. ಲ್ಯಾಬ್ರಡಾರ್, ಬೀಗಲ್, ಪಗ್ ಮತ್ತು ನಮ್ಮ ನಾಡತಳಿಯ ನಾಯಿಗಳ ಕೂದಲು ಗಿಡ್ಡ, ಬಿರುಸು. ಅದು ಎಳೆಗಳ ಬುಡದಲ್ಲಿ ನೆಟ್ಟಗೆ ಚುಚ್ಚಿಕೊಂಡು ನಿಲ್ಲುತ್ತದೆ. ಕೇವಲ ಗಾಳಿಯ ಸೆಳೆತಕ್ಕೆ ಬರುವುದಿಲ್ಲ, ಅಲುಗಾಡಿಸಲೇಬೇಕು. ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಹಸ್ಕಿಗಳಿಗೆ ಎರಡು ಪದರ: ಮೇಲಿನ ಉದ್ದ ಕೂದಲು ಮೇಲೆಯೇ ಬಿದ್ದಿರುತ್ತದೆ, ಒಳಗಿನ ಹತ್ತಿಯಂಥ ತುಪ್ಪಳ ಎಳೆಗಳ ನಡುವೆ ಚಾಪೆಯಾಗಿ ಕೂರುತ್ತದೆ. ಪರ್ಷಿಯನ್ ಬೆಕ್ಕಿನದು ಎಲ್ಲಕ್ಕಿಂತ ತೆಳು, ಗಾಳಿಗೆ ಹಾರಾಡುವಂಥದ್ದು. ಶಿಟ್ಜು, ಪೂಡಲ್ ಅಷ್ಟಾಗಿ ಉದುರಿಸುವುದಿಲ್ಲ.

ಚದರ ಅಡಿಗೆ ಇಷ್ಟು ಎಂದು ಫೋನಿನಲ್ಲೇ ದರ ಹೇಳುವ ಪದ್ಧತಿ ಇಂಥ ಮನೆಗಳಿಗೆ ಸಲ್ಲದು. ಸೋಫಾದ ಮುಂದಿನ ಜಾಗದಲ್ಲಿ, ಅಂದರೆ ನಾಯಿ ಮಲಗುವಲ್ಲಿ, ಕಿಟಕಿ ಗಾಜು ಒರೆಸುವ ರಬ್ಬರ್ ಸ್ಕ್ವೀಜಿಯನ್ನು ಒಂದಡಿ ಉದ್ದಕ್ಕೆ ನಾಲ್ಕು ಸಲ ನಿಮ್ಮತ್ತ ಎಳೆಯಿರಿ. ಬಂದ ಕೂದಲು ಬೆರಳ ತುದಿಯಷ್ಟಾದರೆ ಮಾಮೂಲಿ ಕೆಲಸ. ನಿಂಬೆಹಣ್ಣಿನ ಗಾತ್ರದ ಉಂಡೆ ಬಂದರೆ ಒಣ ಕೆಲಸದ ಸಮಯ ದುಪ್ಪಟ್ಟು ಹಿಡಿಯುತ್ತದೆ, ದರವೂ ಅದಕ್ಕೆ ತಕ್ಕಂತೆ ಇರಬೇಕು. ಕೆಲಸಕ್ಕೆ ಕೈ ಹಾಕುವ ಮೊದಲೇ ಇದನ್ನು ಮನೆಯವರ ಎದುರಿಗೇ ಮಾಡಿ ತೋರಿಸಿ.

ಇನ್ನು ವ್ಯಾಕ್ಯೂಮ್. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು 30 ಲೀಟರಿನ ವೆಟ್ ಅಂಡ್ ಡ್ರೈ ಡಬ್ಬಿ. ಅದರ ಸೆಳೆತ ಜೋರು, ಆದರೆ ತಿರುಗುವ ಬ್ರಷ್ ಇರುವುದಿಲ್ಲ. ದೂಳಿಗೆ ಸಾಕು, ಚುಚ್ಚಿಕೊಂಡ ಕೂದಲಿಗೆ ಸಾಲದು. ಮೋಟಾರಿನಿಂದ ತಿರುಗುವ ಬ್ರಷ್ ರೋಲ್ ಇರುವ ನಿಲುವು ವ್ಯಾಕ್ಯೂಮ್ ಒಂದಾದರೂ ಬೇಕು. ಅದಕ್ಕಿಂತ ಒಳ್ಳೆಯದು, ಎರಡು ಸಿಲಿಂಡರ್ ಬ್ರಷ್‌ಗಳು ಎದುರುಬದುರಾಗಿ ತಿರುಗುವ ಸಿಆರ್‌ಬಿ (ಕೌಂಟರ್ ರೊಟೇಟಿಂಗ್ ಬ್ರಷ್) ಯಂತ್ರ. ನೀರಿಲ್ಲದೆ ಅದನ್ನು ಓಡಿಸಿದರೆ ಬುಡದ ಕೂದಲನ್ನು ಮೇಲಕ್ಕೆಬ್ಬಿಸಿ ಎರಡು ಬದಿಯ ತಟ್ಟೆಗಳಿಗೆ ತುಂಬುತ್ತದೆ. ಹೂಡಿಕೆ ದೊಡ್ಡದು, ನಿಜ. ಆದರೆ ಸಾಕುಪ್ರಾಣಿಗಳ ಮನೆಗಳೇ ಹೆಚ್ಚಾಗಿ ಸಿಗುವ ಕಡೆ ಬೇರೆ ಯಾವ ಯಂತ್ರಕ್ಕಿಂತ ಮೊದಲು ಇದನ್ನೇ ಕೊಳ್ಳಬೇಕು.

ಕೆಲಸದ ಕ್ರಮ ಹೀಗೆ. ಮೊದಲು ಮೇಲ್ಮೈಯ ದೂಳು, ಕಸ, ಸಡಿಲ ಕೂದಲನ್ನು ಬರೀ ಸೆಳೆತದಿಂದ ತೆಗೆಯಿರಿ. ಆಮೇಲೆ ರಬ್ಬರ್ ಪೊರಕೆ ಅಥವಾ ಸ್ಕ್ವೀಜಿ ಹಿಡಿದು, ಎಳೆ ಮಲಗಿದ ದಿಕ್ಕಿಗೆ ಎದುರಾಗಿ, ಅರ್ಧ ಅಡಿಯ ಗಿಡ್ಡ ಎಳೆತಗಳಲ್ಲಿ ಬನ್ನಿ. ರಬ್ಬರ್ ಹಿಡಿದೆಳೆಯುವುದರಿಂದ ಕೂದಲು ಉರುಳಿ ಉರುಳಿ ಬತ್ತಿಯಾಗುತ್ತದೆ. ಆ ಬತ್ತಿಗಳನ್ನು ಕೈಯಿಂದಲೇ ಎತ್ತಿ ಚೀಲಕ್ಕೆ ಹಾಕಿ, ವ್ಯಾಕ್ಯೂಮಿಗೆ ಕೊಟ್ಟರೆ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತವೆ. ಬಳಿಕ ತಿರುಗುವ ಬ್ರಷ್ಷಿನಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಮುಂದಕ್ಕೆ ತಳ್ಳುವುದಕ್ಕಿಂತ ಹಿಂದಕ್ಕೆ ಎಳೆಯುವುದನ್ನು ನಿಧಾನ ಮಾಡಿ: ಒಂದು ಮೀಟರಿಗೆ ನಾಲ್ಕೈದು ಸೆಕೆಂಡು. ಕೊನೆಯಲ್ಲಿ ಮತ್ತೆ ಸ್ಕ್ವೀಜಿ ಎಳೆದು ನೋಡಿ. ಕೂದಲು ಬರುತ್ತಿದ್ದರೆ ನೀರಿನ ಯಂತ್ರವನ್ನು ಮುಟ್ಟಬೇಡಿ.

ಪಾಲಿಪ್ರೊಪಿಲೀನ್, ನೈಲಾನ್ ಕಾರ್ಪೆಟ್ಟುಗಳಲ್ಲಿ, ಅದರಲ್ಲೂ ಫೆಬ್ರವರಿ ಮಾರ್ಚಿನ ಒಣಹವೆಯಲ್ಲಿ, ಸ್ಥಾಯೀ ವಿದ್ಯುತ್ ಕೂದಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಜ್ಜಿದಷ್ಟೂ ಅದು ಹೆಚ್ಚುತ್ತದೆ. ಗಿಡಗಳಿಗೆ ನೀರು ಸಿಂಪಡಿಸುವ ಬಾಟಲಿಯಿಂದ ಬರೀ ನೀರನ್ನು ಮಂಜಿನಂತೆ ಗಾಳಿಯಲ್ಲಿ ಹರಡಿ ಐದು ನಿಮಿಷ ಬಿಡಿ; 50 ಚದರ ಅಡಿಗೆ 30 ಮಿಲಿ ಸಾಕು. ಕೈಯಾಡಿಸಿದರೆ ಒದ್ದೆ ಅನಿಸಬಾರದು. ಇದಕ್ಕೆ ಬಟ್ಟೆಯ ಫ್ಯಾಬ್ರಿಕ್ ಕಂಡೀಷನರ್ ಬೆರೆಸುವ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಬೆರೆಸಬೇಡಿ. ಕೂದಲು ಸುಲಭವಾಗಿ ಬರುವುದು ಹೌದು, ಆದರೆ ಕಂಡೀಷನರಿನ ಜಿಡ್ಡು ಎಳೆಯ ಮೇಲೆ ಉಳಿದು ಮುಂದಿನ ವಾರದ ದೂಳನ್ನೆಲ್ಲ ಹಿಡಿಯುತ್ತದೆ. ಆ ಕಾರ್ಪೆಟ್ ಮೇಲೆ ಮಲಗಿದ ಬೆಕ್ಕು ಎದ್ದು ಮೈ ನೆಕ್ಕಿಕೊಳ್ಳುತ್ತದೆ ಎಂಬುದೂ ನೆನಪಿರಲಿ.

ಮೇಲೆ ಹೇಳಿದ್ದು ಕತ್ತರಿಸಿದ ಎಳೆಯ, ಸಾಮಾನ್ಯ ಎತ್ತರದ ಕಾರ್ಪೆಟ್ಟಿಗೆ. ಉಳಿದವಕ್ಕೆ ದಾರಿ ಬೇರೆ. ಕುಣಿಕೆ ಕುಣಿಕೆಯಾಗಿರುವ ಲೂಪ್ ಕಾರ್ಪೆಟ್ಟಿಗೆ ಹಲ್ಲಿನ ರೇಕ್ ಅಥವಾ ಬಿರುಸು ಬ್ರಷ್ ತಾಗಿಸಿದರೆ ಒಂದು ಕುಣಿಕೆ ಕಿತ್ತುಬಂದು ಸಾಲಿಗೆ ಸಾಲೇ ಬಿಚ್ಚಿಕೊಳ್ಳಬಹುದು; ಅಲ್ಲಿ ರಬ್ಬರ್ ಮತ್ತು ಸೆಳೆತ ಮಾತ್ರ. ಉದ್ದ ಎಳೆಯ ಶ್ಯಾಗಿ ಕಾರ್ಪೆಟ್ ತಿರುಗುವ ಬ್ರಷ್ಷಿಗೆ ಸುತ್ತಿಕೊಂಡು ಬೆಲ್ಟ್ ಸುಡುತ್ತದೆ. ಅದನ್ನು ಮಗುಚಿ ಹಾಸಿ ಹಿಂಬದಿಗೆ ಅಂಗೈಯಿಂದ ತಟ್ಟಿ, ತಿರುವಿಹಾಕಿ ಉದುರಿದ್ದನ್ನು ಗುಡಿಸಿ, ಆಮೇಲೆ ಬೆರಳಿಗೆ ರಬ್ಬರ್ ಕೈಗವಸು ಹಾಕಿ ಎಳೆ ಬಿಡಿಸಿಕೊಂಡು ಬರಬೇಕು. ಬೇಸರದ ಕೆಲಸ, ಅಡ್ಡದಾರಿ ಇಲ್ಲ.

ಕಾಶ್ಮೀರ, ಭದೋಹಿ ಕಡೆಯ ಕೈಗಂಟಿನ ಉಣ್ಣೆ ಕಾರ್ಪೆಟ್ಟುಗಳನ್ನು ಮೊದಲು ಹಿಂಬದಿಯಿಂದ ಶುರುಮಾಡಿ. ಶುದ್ಧ ನೆಲದ ಮೇಲೆ ಮಗುಚಿ, ತಿರುಗುವ ಬ್ರಷ್ಷನ್ನು ಹಿಂಬದಿಯ ಮೇಲೆ ನಿಧಾನವಾಗಿ ಎರಡು ಸಲ ಓಡಿಸಿದರೆ ಅದರ ಅದುರಿಗೆ ಬುಡದ ಮರಳೂ ಕೂದಲೂ ಸಡಿಲವಾಗಿ ಕೆಳಗೆ ಬೀಳುತ್ತವೆ. ತಿರುವಿದ ಮೇಲೆ ಮುಂಬದಿಗೆ ಬರೀ ಸೆಳೆತ ಮತ್ತು ರಬ್ಬರ್, ಎಳೆ ಮಲಗಿದ ದಿಕ್ಕಿಗೇ. ಕುಚ್ಚಿನ ಹತ್ತಿರ ತಿರುಗುವ ಬ್ರಷ್ ತರಲೇಬೇಡಿ, ಕುಚ್ಚು ಒಂದು ಸಲ ಸುತ್ತಿಕೊಂಡರೆ ಕಿತ್ತೇ ಬರುತ್ತದೆ. ಬಾಲ್ಕನಿಯ ಕಂಬಿಗೆ ಹಾಕಿ ಕೋಲಿನಿಂದ ಬಡಿಯುವ ಹಳೆಯ ಪದ್ಧತಿಯಿಂದ ಮಡಿಕೆ ಬಿದ್ದಲ್ಲಿ ಹಳೆಯ ನೂಲು ತುಂಡಾಗುತ್ತದೆ.

ರೇಷ್ಮೆಯಂತೆ ಹೊಳೆಯುವ, ಬೆಲೆ ಕಡಿಮೆ ಇರುವ ವಿಸ್ಕೋಸ್ ಕಾರ್ಪೆಟ್ಟುಗಳು ಈಗ ಮನೆಮನೆಗೂ ಬಂದಿವೆ. ಅವುಗಳ ಎಳೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಒಣಗಿದಾಗ ಬಿರುಸಾಗಿ ಹಳದಿ ತಿರುಗುತ್ತದೆ. ಅವಕ್ಕೆ ಮೆದು ಬ್ರಷ್ ತಲೆಯ ಸೆಳೆತ, ಅಂಟು ರೋಲರ್, ಅಷ್ಟೇ. ನೀರಿನ ಕೆಲಸ ಮಾಡುವುದಿಲ್ಲ ಎಂದು ಹೇಳಿ ಬರುವುದೇ ಸರಿ. ನವಲಗುಂದದ ಜಮಖಾನದಂಥ ಹತ್ತಿಯ ಹಾಸುಗಳಲ್ಲಿ ನಿಂತ ಎಳೆಯೇ ಇಲ್ಲ, ಕೂದಲು ಹೆಣಿಗೆಯ ಸಾಲುಗಳ ನಡುವೆ ಸಿಕ್ಕಿರುತ್ತದೆ. ಎರಡೂ ಬದಿಯಲ್ಲಿ ಸಾಲಿನ ಉದ್ದಕ್ಕೆ ಮೆದು ನಾರಿನ ಬ್ರಷ್ ಆಡಿಸಿ, ಇಬ್ಬರು ಎರಡು ತುದಿ ಹಿಡಿದು ಕೊಡವಿದರೆ ಬಹುಪಾಲು ಹೋಗುತ್ತದೆ. ಬಣ್ಣ ಬಿಡುವ, ಕುಗ್ಗುವ ಭಯ ಇರುವುದರಿಂದ ಬಿಸಿನೀರಿನ ಯಂತ್ರ ಬೇಡ.

ಒಣ ಕೆಲಸ ಮುಗಿಯಿತು ಅನ್ನಿ. ನೀರಿಗೆ ಮುಂಚೆ ಬಣ್ಣದ ಪರೀಕ್ಷೆ: ಬಳಸುವ ದ್ರಾವಣದಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಮೂಲೆಯಲ್ಲಿ ಪ್ರತಿ ಬಣ್ಣದ ಮೇಲೂ ಒಂದು ನಿಮಿಷ ಒತ್ತಿ ಹಿಡಿಯಿರಿ. ಉಣ್ಣೆಗೆ 40 ಡಿಗ್ರಿಗಿಂತ ಬಿಸಿ ಬೇಡ, ತೊಳೆಯುವ ದ್ರಾವಣದ ಪಿಎಚ್ (ಆಮ್ಲ, ಕ್ಷಾರದ ಅಳತೆ) 5ರಿಂದ 8ರೊಳಗಿರಲಿ. ಬಟ್ಟೆ ಒಗೆಯುವ ಪುಡಿ ಕ್ಷಾರೀಯ, ಉಣ್ಣೆಯನ್ನು ಬಿರುಸು ಮಾಡಿ ಹಳದಿಗೆ ತಿರುಗಿಸುತ್ತದೆ. ಸಿಂಥೆಟಿಕ್ಕಿಗೆ 60 ಡಿಗ್ರಿವರೆಗೆ ತೊಂದರೆಯಿಲ್ಲ. ದ್ರಾವಣ ಸಿಂಪಡಿಸಿ 10 ನಿಮಿಷ ಬಿಟ್ಟು, ಬ್ರಷ್ಷಿನಿಂದ ಉಜ್ಜುವ ಬದಲು, ನೀರು ಬಿಟ್ಟು ಕೂಡಲೇ ಹೀರಿಕೊಳ್ಳುವ ಎಕ್ಸ್‌ಟ್ರಾಕ್ಷನ್ ಯಂತ್ರದಿಂದ ಒಂದು ಸಲ ನೀರು ಹಾಯಿಸಿ ಎಳೆದರೆ ಎರಡು ಸಲ ಬರೀ ಎಳೆಯಬೇಕು. ಬೋರ್‌ವೆಲ್ ಗಡಸು ನೀರಿನಲ್ಲಿ ಸಾಬೂನು ಸರಿಯಾಗಿ ಬಿಡುವುದಿಲ್ಲ. ಕೊನೆಯ ನೀರಿಗೆ 10 ಲೀಟರಿಗೆ 100 ಮಿಲಿ ಬಿಳಿ ವಿನೆಗರ್ ಬೆರೆಸಿದರೆ ಜಿಡ್ಡು ಉಳಿಯದು.

ಯಂತ್ರ ನಡುವೆ ಸೆಳೆತ ಕಳೆದುಕೊಂಡರೆ ಮೋಟಾರನ್ನು ಬಯ್ಯುವ ಮೊದಲು ಮೂರು ಕಡೆ ನೋಡಿ: ನೆಲಕ್ಕೆ ತಾಗುವ ಬಾಯಿಯ ಸೀಳು, ಪೈಪ್ ತೊಟ್ಟಿಗೆ ಸೇರುವ ತಿರುವು, ತೊಟ್ಟಿಯೊಳಗಿನ ಫ್ಲೋಟಿನ ಜಾಲರಿ. ಮೂರರಲ್ಲೂ ಒದ್ದೆ ಕೂದಲೇ ಇರುತ್ತದೆ, ಅಂದರೆ ಒಣ ಕೆಲಸ ಅರ್ಧಕ್ಕೇ ನಿಂತಿತ್ತು ಎಂದರ್ಥ. ಕೊಳೆ ನೀರನ್ನು ಬಾತ್‌ರೂಮಿನಲ್ಲಿ ಸುರಿಯುವಾಗ ಹಳೆಯ ನೈಲಾನ್ ಜಾಲರಿಯಲ್ಲಿ ಸೋಸಿ. ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನಲ್ಲಿ ಕೂದಲು ಕಟ್ಟಿಕೊಂಡರೆ ಎರಡು ದಿನ ಬಿಟ್ಟು ದೂರು ಬರುವುದು ನಿಮಗೇ.

ಕೂದಲು ತೆಗೆಯುವಾಗಲೇ ಬೇರೆ ಎರಡು ಸಂಗತಿಗಳು ಬಯಲಾಗುತ್ತವೆ. ಒಂದು ಮೂತ್ರದ ಕಲೆ. ಕತ್ತಲಲ್ಲಿ ಯುವಿ ಟಾರ್ಚ್ ಹಾಕಿ ಗುರುತಿಸಿ, ಸೀಮೆಸುಣ್ಣದಿಂದ ಗೆರೆ ಹಾಕಿಟ್ಟುಕೊಳ್ಳಿ. ಕಿಣ್ವದ ದ್ರಾವಣ ಮೂತ್ರ ಇಳಿದಷ್ಟೇ ಆಳಕ್ಕೆ ಇಳಿಯಬೇಕು, ಮೇಲೆ ಒರೆಸಿದರೆ ಏನೂ ಆಗದು. ಮನೆಯವರು ಮೊದಲೇ ಫಿನೈಲ್ ಹಾಕಿದ್ದರೆ ಕಿಣ್ವ ಕೆಲಸ ಮಾಡದಿರಬಹುದು, ಮೊದಲು ಅದನ್ನು ನೀರಿನಿಂದ ಎಳೆದು ತೆಗೆಯಿರಿ. ಪ್ರೋಟೀನ್ ಕರಗಿಸುವ ಕಿಣ್ವ ಉಣ್ಣೆ, ರೇಷ್ಮೆಗಳನ್ನೂ ತಿನ್ನುತ್ತದೆ, ಬಾಟಲಿಯ ಮೇಲೆ ಉಣ್ಣೆಗೆ ಸಲ್ಲುತ್ತದೆ ಎಂದು ಬರೆದಿದ್ದರೆ ಮಾತ್ರ ಬಳಸಿ. ಬೆಕ್ಕಿರುವ ಮನೆಯಲ್ಲಂತೂ ಕಪ್ಪು ಫಿನೈಲ್, ನುಸಿಗುಳಿಗೆ, ಟೀ ಟ್ರೀ ಎಣ್ಣೆ ಯಾವುದೂ ಕಾರ್ಪೆಟ್ ಹತ್ತಿರ ಬರಬಾರದು, ಎಲ್ಲವೂ ಬೆಕ್ಕಿಗೆ ವಿಷ.

ಇನ್ನೊಂದು ಚಿಗಟ. ಬಿಳಿ ಕಾಗದದ ಮೇಲೆ ಕೂದಲು ಕೊಡವಿದಾಗ ಉದುರಿದ ಕಪ್ಪು ಚುಕ್ಕೆಗಳು ಒದ್ದೆ ಹತ್ತಿಯ ಮೇಲೆ ಕೆಂಪಗಾದರೆ ಅದು ಚಿಗಟದ ಹಿಕ್ಕೆ. ಚಿಗಟದ ಗೂಡು ಎಳೆಗೆ ಅಂಟಿಕೊಂಡಿರುತ್ತದೆ, ವ್ಯಾಕ್ಯೂಮಿಗೆ ಪೂರ್ತಿ ಬರುವುದಿಲ್ಲ. ಯಂತ್ರದ ಅದುರು, ಬಿಸಿ ತಾಗಿದಾಗ ಗೂಡಿನಿಂದ ಹುಳು ಹೊರಬರುವುದರಿಂದ ತೊಳೆದ ಮರುದಿನ ಚಿಗಟ ಹೆಚ್ಚಾದಂತೆ ಕಾಣಬಹುದು. ಇದನ್ನು ಮೊದಲೇ ಹೇಳಿಡಿ. ಎರಡು ಮೂರು ವಾರ ದಿನವೂ ವ್ಯಾಕ್ಯೂಮ್ ಮಾಡಬೇಕು, ಪ್ರಾಣಿಗೆ ಪಶುವೈದ್ಯರಿಂದ ಔಷಧಿ ಕೊಡಿಸಬೇಕು. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಸ್ಪ್ರೇ ನಾಯಿಗೆ ಆಗಬಹುದು, ಬೆಕ್ಕಿನ ಜೀವಕ್ಕೇ ಕುತ್ತು.

ಮನೆಯಲ್ಲಿ ಯಾರಿಗಾದರೂ ಅಲರ್ಜಿ, ಉಬ್ಬಸ ಇದ್ದರೆ ಅವರು ಕೆಲಸದ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಲಿ. ಬೆಕ್ಕಿನ ಅಲರ್ಜಿಗೆ ಮುಖ್ಯ ಕಾರಣ ಅದರ ಎಂಜಲು ಮತ್ತು ಚರ್ಮದ ಗ್ರಂಥಿಗಳಿಂದ ಬರುವ ಫೆಲ್ ಡಿ 1 ಎಂಬ ಪ್ರೋಟೀನ್. ಕೂದಲು ಅದನ್ನು ಹೊತ್ತು ತಿರುಗುತ್ತದೆ ಅಷ್ಟೇ. ಅದರ ಕಣಗಳು ಎಷ್ಟು ಸಣ್ಣವೆಂದರೆ ಸಾಧಾರಣ ವ್ಯಾಕ್ಯೂಮ್ ಅವನ್ನು ಹಿಂದಿನಿಂದ ಮತ್ತೆ ಕೋಣೆಗೇ ಊದುತ್ತದೆ. ಅತಿ ಸಣ್ಣ ಕಣಗಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇಲ್ಲದ ಯಂತ್ರವನ್ನು ಅಂಥ ಮನೆಗೆ ಒಯ್ಯಬಾರದು.

ಒಣಗಿಸುವಾಗ ಬ್ಲೋವರನ್ನು ಕಾರ್ಪೆಟ್ ಮೇಲೆ ಗಾಳಿ ಸವರಿ ಹೋಗುವಂತೆ ಓರೆಯಾಗಿಟ್ಟು, ಕಿಟಕಿ ತೆರೆದು, ಫ್ಯಾನ್ ಹಾಕಿ. ಮಾಮೂಲಿ ದಿನ 6ರಿಂದ 8 ಗಂಟೆ, ಮಳೆಗಾಲದಲ್ಲಿ ಒಂದು ದಿನವೂ ಹಿಡಿಯಬಹುದು. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಹಿಂಬದಿಯನ್ನು ಮುಟ್ಟಿ ನೋಡದೆ ನಂಬಬೇಡಿ. ಅಲ್ಲಿಯವರೆಗೆ ನಾಯಿ ಬೆಕ್ಕಿಗೆ ಆ ಕೋಣೆ ಬಂದ್. ಪೂರ್ತಿ ಒಣಗಿದ ಮರುದಿನ ಇನ್ನೊಮ್ಮೆ ಒಣ ವ್ಯಾಕ್ಯೂಮ್ ಮಾಡಲೇಬೇಕು. ನೀರಿಗೆ ಬುಡದಿಂದ ಸಡಿಲಗೊಂಡು ಮೇಲೆದ್ದ ಕೂದಲು ಆಗ ಸಲೀಸಾಗಿ ಬರುತ್ತದೆ. ಆ ಒಂದು ಸುತ್ತನ್ನು ಮನೆಯವರಿಗೆ ಒಪ್ಪಿಸುವುದಾದರೆ ದಿಕ್ಕು, ವೇಗ ಎರಡನ್ನೂ ಮಾಡಿ ತೋರಿಸಿ ಬನ್ನಿ.

ಮುಂದಿನ ಮನೆಗೆ ಹೋಗುವ ಮೊದಲು ಬ್ರಷ್ ರೋಲಿಗೆ ಸುತ್ತಿದ ಕೂದಲನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಎರಡೂ ತುದಿಯ ಬೇರಿಂಗ್ ಮುಚ್ಚಳ ಬಿಚ್ಚಿ ಒಳಗಿನದನ್ನೂ ತೆಗೆಯದಿದ್ದರೆ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ದೂಳಿನ ಚೀಲವನ್ನು ಆ ಮನೆಯಲ್ಲೇ ಪಾಲಿಥೀನ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಕೊಡಿ. ಸ್ಕ್ವೀಜಿ, ರಬ್ಬರ್ ಪೊರಕೆಗಳನ್ನು ಬಿಸಿ ಸಾಬೂನು ನೀರಿನಲ್ಲಿ ತೊಳೆದು ಒರೆಸಿ ಗಾಡಿಗೆ ಹಾಕಿ, ಚಿಗಟ ಕಂಡ ಮನೆಯಾದರೆ ಪೈಪನ್ನೂ.