ಬಸುರಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಗಿದ್ದರೆ ಹೆರಿಗೆಗೂ ಸಿಸೇರಿಯನ್ನೇ ಆಗಬೇಕೆ?

ಪ್ರಶ್ನೆ: ಐದು ತಿಂಗಳು ತುಂಬಿದಾಗ ನನಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಬಲಗಡೆ ಹೊಲಿಗೆ ಇದೆ. ಈಗ ಎಂಟನೇ ತಿಂಗಳು, ಚೊಚ್ಚಲು. ‘ಒಂದು ಸಲ ಹೊಟ್ಟೆ ಕೊಯ್ದ ಮೇಲೆ ಹೆರಿಗೆಗೂ ಕೊಯ್ಯೋದೇ’ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಮಗು ಹೊರಬರಲೆಂದು ಮುಕ್ಕುವಾಗ ಹೊಲಿಗೆ ಬಿಚ್ಚಿಕೊಳ್ಳುತ್ತದೆಯೇ? ಮುಂದಿನ ತಿಂಗಳು ಹೊಸನಗರದಿಂದ ಸಾಗರದ ಕಡೆಗೆ, ತವರಿಗೆ ಹೋಗುವವಳಿದ್ದೇನೆ.

ಉತ್ತರ: ಆ ಹೊಲಿಗೆಯೊಂದೇ ಕಾರಣವಾದರೆ ಸಿಸೇರಿಯನ್ ಬೇಕಿಲ್ಲ. ನಮ್ಮ ಕಡೆ ಅಪೆಂಡಿಕ್ಸ್ ತೆಗೆದರೂ ‘ಹೊಟ್ಟೆ ಕೊಯ್ದರು’, ಸಿಸೇರಿಯನ್ ಆದರೂ ‘ಹೊಟ್ಟೆ ಕೊಯ್ದರು’. ಮಾತು ಒಂದೇ ಆದ್ದರಿಂದ ಎರಡೂ ಒಂದೇ ಎನಿಸಿಬಿಟ್ಟಿದೆ. ಸಿಸೇರಿಯನ್‌ನಲ್ಲಿ ಕತ್ತಿ ಗರ್ಭಕೋಶದ ಗೋಡೆಯನ್ನೂ ಸೀಳುತ್ತದೆ. ಮುಂದಿನ ಹೆರಿಗೆಯ ನೋವಿನಲ್ಲಿ ಹಿಂಡಿಕೊಳ್ಳುವುದು ಅದೇ ಗೋಡೆ. ಅಲ್ಲಿ ಹಳೆಯ ಗಾಯವಿದ್ದರೆ ಬಿರಿಯುವ ಭಯ ಇರುತ್ತದೆ. ಕೆಳಭಾಗದಲ್ಲಿ ಅಡ್ಡ ಕೊಯ್ದ ಒಂದು ಸಿಸೇರಿಯನ್ ಆಗಿದ್ದವರಲ್ಲಿ ಅದು ಸುಮಾರು 200ಕ್ಕೆ ಒಬ್ಬರಿಗೆ. ಅಪೆಂಡಿಕ್ಸ್ ಇರುವುದು ದೊಡ್ಡ ಕರುಳು ಶುರುವಾಗುವ ಕಡೆ. ಅದನ್ನು ತೆಗೆಯಲು ಕೊಯ್ಯುವುದು ಹೊಟ್ಟೆಯ ಗೋಡೆಯನ್ನು ಮಾತ್ರ, ಗರ್ಭಕೋಶಕ್ಕೆ ಹೊಲಿಗೆಯೇ ಬಿದ್ದಿರುವುದಿಲ್ಲ. ಪಿತ್ತಕೋಶ ತೆಗೆಸಿಕೊಂಡವರಿಗೆ, ತಿರುಚಿಕೊಂಡ ಅಂಡಾಶಯದ ಗಡ್ಡೆ ತೆಗೆಸಿಕೊಂಡವರಿಗೂ ಇದೇ ಉತ್ತರ.

ಉತ್ತರ ಬೇರೆಯಾಗುವುದು ಗರ್ಭಕೋಶದ ಗೋಡೆಯಿಂದಲೇ ಫೈಬ್ರಾಯ್ಡ್ ಗಡ್ಡೆ ಬಿಡಿಸಿದ್ದರೆ. ಬಸುರಿನಲ್ಲಿ ಇದನ್ನು ಮಾಡುವುದು ಅಪರೂಪ. ಗಾಯ ಗೋಡೆಯ ಆಳಕ್ಕೆ ಇಳಿದಿದ್ದರೆ ನೋವು ಬರುವ ಮೊದಲೇ, ಸಾಮಾನ್ಯವಾಗಿ 37ರಿಂದ 39 ವಾರದೊಳಗೆ, ದಿನ ಗೊತ್ತುಮಾಡಿ ಸಿಸೇರಿಯನ್ ಮಾಡುತ್ತಾರೆ.

ಇನ್ನು ಹೊಲಿಗೆ ಬಿಚ್ಚುವ ಭಯ. ಹೊಟ್ಟೆಯ ಗೋಡೆಯಲ್ಲಿ ಚರ್ಮ, ಕೊಬ್ಬು, ಫೇಸಿಯಾ ಎನ್ನುವ ಬಿಳಿಯ ಗಟ್ಟಿ ಪೊರೆ, ಸ್ನಾಯು, ಒಳಪೊರೆ ಎಂದು ಪದರಗಳಿವೆ. ಬಲ ಇರುವುದು ಫೇಸಿಯಾದಲ್ಲಿ. ಮೇಲಿನ ಚರ್ಮ ಹತ್ತು ದಿನಕ್ಕೆ ಕೂಡಿಕೊಂಡರೂ ಇದು ನಿಧಾನ: ಆರು ವಾರಕ್ಕೆ ಹೆಚ್ಚುಕಡಿಮೆ ಅರ್ಧ ಬಲ, ಮೂರು ತಿಂಗಳಿಗೆ ಮುಕ್ಕಾಲಿಗಿಂತ ಹೆಚ್ಚು. ಅಪೆಂಡಿಕ್ಸ್‌ಗೆ ಬಲಗಡೆ ಓರೆಯಾಗಿ ಕೊಯ್ಯುವಾಗ ಸ್ನಾಯುವನ್ನು ಸಾಮಾನ್ಯವಾಗಿ ಕತ್ತರಿಸುವುದಿಲ್ಲ, ಅದರ ಎಳೆಗಳ ನಡುವೆ ಬಿಡಿಸಿ ದಾರಿ ಮಾಡುತ್ತಾರೆ. ಹಾಗಾಗಿ ಆ ಗಾಯ ಹೊಕ್ಕಳ ಮೇಲೆ ಕೆಳಗೆ ಉದ್ದಕ್ಕೆ ಕೊಯ್ದ ಗಾಯಕ್ಕಿಂತ ಗಟ್ಟಿ. ಸಣ್ಣ ತೂತುಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೊಸ್ಕೋಪಿಯಾಗಿದ್ದರೆ ಇರುವುದು ಅರ್ಧದಿಂದ ಒಂದು ಸೆಂಟಿಮೀಟರಿನ ಮೂರು ನಾಲ್ಕು ತೂತು ಅಷ್ಟೇ. ನಿಮ್ಮ ಲೆಕ್ಕದಲ್ಲಿ ಹೆರಿಗೆಯ ಹೊತ್ತಿಗೆ ನಾಲ್ಕು ತಿಂಗಳು ದಾಟಿರುತ್ತದೆ. ಮುಕ್ಕುವುದಕ್ಕೆ ಹೆದರಬೇಕಿಲ್ಲ.

ಆಪರೇಷನ್ ಆಗಿ ವಾರ, ಹದಿನೈದು ದಿನದಲ್ಲೇ ನೋವು ಶುರುವಾದವರಿಗೂ ಸಹಜ ಹೆರಿಗೆಯೇ ಮೊದಲ ಆಯ್ಕೆ. ಹಸಿ ಗಾಯದ ನೋವಿನಲ್ಲಿ ಮುಕ್ಕುವುದು ಕಷ್ಟವಾದ್ದರಿಂದ ಎಪಿಡ್ಯೂರಲ್ (ಬೆನ್ನಿಗೆ ಕೊಡುವ ನೋವು ತಡೆಯುವ ಮದ್ದು) ಕೊಡಬಹುದು, ಕೊನೆಯ ಹಂತವನ್ನು ಮಗುವಿನ ತಲೆಗೆ ವ್ಯಾಕ್ಯೂಮ್ ಬಟ್ಟಲು ಇಟ್ಟು ಎಳೆದು ಬೇಗ ಮುಗಿಸಬಹುದು. ಎಪಿಡ್ಯೂರಲ್ ಎಲ್ಲ ಕಡೆ ಸಿಗುತ್ತದೆ ಎಂದು ನಂಬಿ ಹೋಗಬೇಡಿ, ಮೊದಲೇ ಕೇಳಿಕೊಳ್ಳಿ.

ನಿಮ್ಮ ವಿಷಯದಲ್ಲಿ ಹೊಲಿಗೆಗಿಂತ ಹೆಚ್ಚು ಚಿಂತಿಸಬೇಕಾದ್ದು ಕಾಗದಪತ್ರ. ಆಪರೇಷನ್ ಒಂದು ಕಡೆ, ಹೆರಿಗೆ ತವರಿನ ಕಡೆ ಎಂದಾಗ ಎಡವಟ್ಟಾಗುವುದು ಇಲ್ಲೇ. ಡಿಸ್ಚಾರ್ಜ್ ಚೀಟಿಯಲ್ಲಿ ಹೆಚ್ಚಾಗಿ ‘ಅಪೆಂಡಿಸೆಕ್ಟಮಿ’ ಎಂದು ಒಂದೇ ಪದ ಇರುತ್ತದೆ. ರಾತ್ರಿ ಎರಡು ಗಂಟೆಗೆ ಹೊಟ್ಟೆಯ ಮೇಲಿನ ಗಾಯ ನೋಡಿದ ಡ್ಯೂಟಿ ಡಾಕ್ಟರಿಗೆ ಒಳಗೆ ಏನು ನಡೆದಿತ್ತೆಂದು ತಿಳಿಯದಿದ್ದರೆ ಸಿಸೇರಿಯನ್ ಕಡೆ ವಾಲುವುದು ಸಹಜ. ಆದ್ದರಿಂದ ಆಪರೇಷನ್ ನೋಟ್‌ನ ಪ್ರತಿಯನ್ನೇ ಕೇಳಿ ಪಡೆಯಿರಿ. ತೆರೆದ ಆಪರೇಷನ್ನೋ ಲ್ಯಾಪರೊಸ್ಕೋಪಿಯೋ, ಎಲ್ಲಿ ಕೊಯ್ದರು, ಅಪೆಂಡಿಕ್ಸ್ ಒಡೆದು ಕೀವಾಗಿತ್ತೇ, ಗರ್ಭಕೋಶಕ್ಕೆ ಎಲ್ಲಾದರೂ ಹೊಲಿಗೆ ಹಾಕಿದರೇ, ಆಮೇಲೆ ಹೊಲಿಗೆಯ ಗಾಯದಲ್ಲಿ ಕೀವಾಯಿತೇ ಎಂಬುದು ಅದರಲ್ಲಿರಬೇಕು. ‘ಗರ್ಭಕೋಶಕ್ಕೆ ಗಾಯವಿಲ್ಲ, ಸಹಜ ಹೆರಿಗೆಗೆ ಅಡ್ಡಿಯಿಲ್ಲ’ ಎಂದು ತಾಯಿ ಕಾರ್ಡಿನಲ್ಲಿ ಡಾಕ್ಟರಿಂದ ಬರೆಸಿ. ಎಲ್ಲದರ ಫೋಟೊ ಗಂಡನ ಫೋನಿನಲ್ಲೂ ಅಮ್ಮನ ಫೋನಿನಲ್ಲೂ ಇರಲಿ. ಮಳೆಗಾಲದಲ್ಲಿ ಕಾಗದ ಒದ್ದೆಯಾಗುವುದು ನಮ್ಮಲ್ಲಿ ಹೊಸದಲ್ಲ.

ಮಗು ಅಡ್ಡಲಾಗಿದ್ದರೆ, ಮಾಸು ಗರ್ಭದ ಬಾಯಿಗೆ ಮುಚ್ಚಿಕೊಂಡಿದ್ದರೆ, ಮಗುವಿನ ಎದೆಬಡಿತ ಇಳಿದರೆ ಆಪರೇಷನ್ ಆಗದವರಿಗೂ ಸಿಸೇರಿಯನ್ ಬೇಕಾಗುತ್ತದೆ, ನಿಮಗೂ ಹಾಗೇ. ಆಗ ಹಳೆಯ ಆಪರೇಷನ್ ಲೆಕ್ಕಕ್ಕೆ ಬರುವುದು ಬೇರೆ ರೀತಿಯಲ್ಲಿ: ಕೀವಾಗಿದ್ದರೆ ಕರುಳು, ಒಳಪೊರೆ ಒಂದಕ್ಕೊಂದು ಅಂಟಿಕೊಂಡಿರಬಹುದು. ಗೊತ್ತಿದ್ದರೆ ನಿಧಾನವಾಗಿ ಬಿಡಿಸಿಕೊಂಡು ಹೋಗುತ್ತಾರೆ, ರಕ್ತ ಮೊದಲೇ ಹೊಂದಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಹಳೆಯ ಗಾಯದಲ್ಲೇ ಕೊಯ್ಯುವುದಿಲ್ಲ, ಕೆಳಹೊಟ್ಟೆಯಲ್ಲಿ ಬೇರೆ ಅಡ್ಡ ಗಾಯ ಮಾಡುತ್ತಾರೆ.

ದಿನ ತುಂಬುವ ಮೊದಲೇ ನೋವು ಬರುವ ಸಾಧ್ಯತೆ ಹೆಚ್ಚಿರುವುದು ಆಪರೇಷನ್ ಆದ ಮೊದಲ ವಾರದಲ್ಲಿ, ಅದರಲ್ಲೂ ಅಪೆಂಡಿಕ್ಸ್ ಒಡೆದಿದ್ದವರಿಗೆ. ನೀವು ಅದನ್ನು ದಾಟಿದ್ದೀರಿ. ಆದರೂ ನೋವುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿಯಿರಿ. ಹೊಟ್ಟೆ ದೊಡ್ಡದಾದಂತೆ ಹಳೆಯ ಗಾಯ ಎಳೆಯುತ್ತದೆ. ಅದು ಒಂದೇ ಜಾಗದಲ್ಲಿ, ಮಗ್ಗುಲು ಬದಲಿಸಿದಾಗ ಬಂದು ಹೋಗುತ್ತದೆ. ಹೆರಿಗೆ ನೋವು ಸರತಿಯಲ್ಲಿ ಬರುತ್ತದೆ, ಇಡೀ ಹೊಟ್ಟೆ ಕಲ್ಲಾಗುತ್ತದೆ, ಸೊಂಟಕ್ಕೆ ಹಿಡಿಯುತ್ತದೆ. 37 ವಾರಕ್ಕೆ ಮೊದಲು ಗಂಟೆಗೆ ನಾಲ್ಕೈದು ಸಲ ಹೀಗಾದರೆ ಕಷಾಯ ಕುಡಿದು ಕಾಯುವುದು ಬೇಡ. 34 ವಾರದೊಳಗಾದರೆ ಮಗುವಿನ ಶ್ವಾಸಕೋಶ ಬಲಿಯಲೆಂದು 12 ಗಂಟೆಗೊಂದರಂತೆ ನಾಲ್ಕು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡಬೇಕಾಗುತ್ತದೆ. ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಜೊತೆಗೆ ತಲೆನೋವು, ಕಣ್ಣು ಮಂಜು ಎಂದರೆ ಅದನ್ನು ಹೊಲಿಗೆಯ ತಲೆಗೆ ಕಟ್ಟಬೇಡಿ. ಅದು ಬಿಪಿ ಏರಿದ್ದರ ಗುರುತಿರಬಹುದು. ಇವು ಕಂಡರೆ ಅಂದೇ ಆಸ್ಪತ್ರೆಗೆ, ಬಿಪಿ 140/90 ಮುಟ್ಟಿದ್ದರೂ ಅಂದೇ. ನೀರು ಹೋದರೆ, ನೆತ್ತರು ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಕೂಡ ತಡ ಬೇಡ. ಗಾಯದ ಎಳೆತಕ್ಕೆ ಪ್ಯಾರಾಸಿಟಮಾಲ್ ಸಾಕು. ಮೆಡಿಕಲ್ ಶಾಪಿನವರು ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. 20 ವಾರದ ಮೇಲೆ ಅವು ಮಗುವಿನ ಮೂತ್ರಪಿಂಡಕ್ಕೆ ಏಟು ಕೊಟ್ಟು ಗರ್ಭದ ನೀರು ಕಡಿಮೆ ಮಾಡಬಹುದು.

ತವರಿಗೆ ಹೋದ ಕೂಡಲೇ ಹೆರಿಗೆಯ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ, ಹೆಸರು ಬರೆಸಿ. ರಾತ್ರಿ ಹೊತ್ತು ಸಿಸೇರಿಯನ್ ಮಾಡಲು ಅರಿವಳಿಕೆ ಡಾಕ್ಟರ್ ಸಿಗುತ್ತಾರೆಯೇ, ರಕ್ತ ಎಲ್ಲಿಂದ ತರಬೇಕು ಎಂದು ಕೇಳಿ. ಇಲ್ಲವಾದರೆ ಸಾಗರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ 70 ಕಿಲೋಮೀಟರ್ ಆಸುಪಾಸು. ಮಳೆಯಲ್ಲಿ ಮರ ಬಿದ್ದ ದಿನ ಅದು ದೂರವೇ. ತವರು ಶರಾವತಿ ಹಿನ್ನೀರಿನ ಆಚೆ ತುಮರಿಯ ಕಡೆಯಾದರೆ, 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚ್ ಕಾಯುವ ತಾಪತ್ರಯ ತಪ್ಪಿದೆ. ಆದರೂ ನೆಟ್‌ವರ್ಕ್ ಸಿಗದ ಮನೆಯಲ್ಲಿ 108ಕ್ಕೆ ಫೋನ್ ಮಾಡುವುದು ಹೇಗೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಪೇಟೆಯಲ್ಲಿ ನೆಂಟರ ಮನೆಯಿದ್ದರೆ 38ನೇ ವಾರದಿಂದ ಅಲ್ಲಿರುವುದು ವಾಸಿ.

ಬಾಣಂತನದಲ್ಲಿ ಬಿಸಿನೀರು ಎರೆಯಲು ನಾಲ್ಕು ತಿಂಗಳ ಹಳೆಯ ಗಾಯ ಅಡ್ಡಿಯಲ್ಲ. ಗಾಯದ ಮೇಲೆ ಎಣ್ಣೆ ಹಚ್ಚಿ ಬಲವಾಗಿ ಉಜ್ಜುವುದು ಬೇಡ. ಸೀರೆಯಲ್ಲಿ ಹೊಟ್ಟೆ ಕಟ್ಟುವುದಾದರೆ ಉಸಿರಿಗೆ ಸಡಿಲವಿರಲಿ. ಬಿಗಿದು ಕಟ್ಟಿದರೆ ಒತ್ತಡ ಕೆಳಗಿಳಿದು ಹೆರಿಗೆಯಲ್ಲಿ ಸೋತ ಸ್ನಾಯುಗಳ ಮೇಲೆ ಬೀಳುತ್ತದೆ. ಹೆರಿಗೆಯಾದ ಮೇಲೆ ಮೂರು ತಿಂಗಳ ತನಕ ನೀರು ತುಂಬಿದ ಕೊಡಪಾನ, ಗ್ಯಾಸ್ ಸಿಲಿಂಡರ್ ಎತ್ತಬೇಡಿ. ಅಡಿಕೆ ಕೊಯ್ಲಿನ ದಿನಗಳಾದರೆ ಅಂಗಳದಲ್ಲಿ ಕೂತು ಸುಲಿಯಬಹುದು, ಗೊನೆಯ ಹೊರೆ ಬೇರೆಯವರು ಹೊರಲಿ. ಕೆಮ್ಮಿದಾಗ ಗಾಯದ ಜಾಗ ಉಬ್ಬಿ ಮತ್ತೆ ಒಳಗೆ ಹೋಗುತ್ತಿದ್ದರೆ ಅದು ಹರ್ನಿಯಾ. ಆಪರೇಷನ್ ಮಾಡಿದ ಸರ್ಜನ್‌ಗೇ ತೋರಿಸಿ. ಉಬ್ಬು ಒಳಗೆ ಹೋಗದೆ ನೋಯುತ್ತ, ವಾಂತಿಯೂ ಆದರೆ ಆ ಹೊತ್ತೇ ಹೊರಡಿ.