ಮೊದಲು ಜಾಗ, ಆಮೇಲೆ ಲ್ಯಾಪ್‌ಟಾಪ್

ಗಾಡಿಯಲ್ಲಿ ದಾರಿ ನೋಡಲು ಲ್ಯಾಪ್‌ಟಾಪ್ ಕೂರಿಸಿಕೊಡಿ ಎಂದು ಬರುವವರಲ್ಲಿ ಹೆಚ್ಚಿನವರು ಯಂತ್ರವನ್ನು ಕೊಂಡೇ ಬಂದಿರುತ್ತಾರೆ. ಟೇಪು ಹಿಡಿದು ಅಳೆದಾಗ ತೊಂದರೆ ಗೊತ್ತಾಗುತ್ತದೆ. 15 ಇಂಚಿನ ಯಂತ್ರದ ಮೂಲೆ ಗೇರಿಗೆ ತಾಗುತ್ತದೆ. ಇಲ್ಲವೇ ಪರದೆ ಅರ್ಧ ತೆರೆಯುವಷ್ಟರಲ್ಲಿ ಡ್ಯಾಶ್‌ಬೋರ್ಡಿಗೆ ಬಡಿಯುತ್ತದೆ. ಅದಕ್ಕೇ ಈಗ ಫೋನಿನಲ್ಲೇ ಹೇಳಿಬಿಡುತ್ತೇನೆ: ಏನೂ ಕೊಳ್ಳಬೇಡಿ, ಮೊದಲು ಗಾಡಿ ತನ್ನಿ.

ಫೋನ್ ಇದ್ದರೆ ಸಾಲದೇ ಎಂದು ಕೇಳಬಹುದು. ಬಹಳ ಜನರಿಗೆ ಸಾಕು. ಆದರೆ ಸರ್ವೆ ಮಾಡುವವರು, ನೆಟ್‌ವರ್ಕ್ ಸಿಗದ ಕಡೆ ದಿನಗಟ್ಟಲೆ ಓಡಾಡುವವರು, ನಕ್ಷೆಯ ಮೇಲೆ ತಮ್ಮದೇ ಗುರುತು ಹಾಕಿಕೊಂಡು ಹೋಗುವವರು ಫೋನಿನ ಪರದೆಯಲ್ಲಿ ಒದ್ದಾಡುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಮೊದಲೇ ಇಳಿಸಿಕೊಂಡು, ಕ್ಯೂಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರ್ ತೆರೆದು ಕೆಲಸ ಮಾಡಬೇಕಾದವರಿಗೆ ಲ್ಯಾಪ್‌ಟಾಪೇ ಸರಿ. ಅದನ್ನು ನೋಡಬೇಕಾದವರು ಪಕ್ಕದ ಸೀಟಿನವರು. ಗಾಡಿ ಓಡಿಸುವವರಲ್ಲ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 20 ಮೀಟರ್ ಹೋಗುತ್ತದೆ. ಎರಡು ಸೆಕೆಂಡ್ ನಕ್ಷೆ ನೋಡಿದರೆ 40 ಮೀಟರ್ ರಸ್ತೆ ನೋಡದೇ ಹೋದಂತೆ. ಹಾಗಾಗಿ ಪರದೆಯನ್ನು ಪಕ್ಕದವರ ಕಡೆಗೇ ತಿರುಗಿಸಿ ಕೂರಿಸುತ್ತೇನೆ. ಚಾಲಕರಿಗೆ ದಾರಿ ಮಾತಿನಲ್ಲಿ ಕೇಳಿಸಿದರೆ ಸಾಕು.

ಜಾಗ ನೋಡುವಾಗ ನನಗೆ ಮೊದಲು ನೆನಪಾಗುವುದು ಏರ್‌ಬ್ಯಾಗ್. ಪಕ್ಕದ ಸೀಟಿನ ಮುಂದಿನ ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುತ್ತದೆ. ಅದರ ದಾರಿಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಅದು ನೇರ ಮುಖಕ್ಕೆ ಬರುತ್ತದೆ. ಇನ್ನೊಂದು ಲೆಕ್ಕ ನೋಡಿ. 50 ಕಿಲೋಮೀಟರ್ ವೇಗದ ಗಾಡಿ ಗುದ್ದಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಒಂದೂವರೆ ಕಿಲೋ ಯಂತ್ರ ತನ್ನ ಸ್ಟ್ಯಾಂಡನ್ನು ಸುಮಾರು 20 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲು ಇದನ್ನು ತಡೆಯುತ್ತದೆಯೇ? ಬಿಸಿಲಿಗೆ ಅದು ಸುಮ್ನೆ ನಿಂತಲ್ಲೇ ಕಳಚಿ ಬೀಳುವುದುಂಟು. ವೆಲ್ಕ್ರೋ ಪಟ್ಟಿ ಹಾಕಿ ಎಂದು ಕೇಳುವವರಿಗೂ ನಾನು ಒಪ್ಪುವುದಿಲ್ಲ.

ನನಗೆ ಭರವಸೆ ಇರುವುದು ಪಕ್ಕದ ಸೀಟಿನ ಬೋಲ್ಟಿಗೆ ಹಿಡಿಸುವ ಸ್ಟ್ಯಾಂಡಿನ ಕಾಲಿನ ಮೇಲೆ. ಗಾಡಿಯ ನೆಲಕ್ಕೆ ತೂತು ಕೊರೆಯಬೇಕಿಲ್ಲ. ಸೀಟನ್ನು ಹಿಡಿದಿರುವ ಬೋಲ್ಟನ್ನೇ ಬಿಚ್ಚಿ, ಕಬ್ಬಿಣದ ಪಟ್ಟಿ ಇಟ್ಟು ಮತ್ತೆ ಬಿಗಿಯುವುದು. ಆದರೆ ಸಿಕ್ಕ ಪಟ್ಟಿ ಹಾಕುವಂತಿಲ್ಲ. ಪಟ್ಟಿ ದಪ್ಪವಾದಷ್ಟೂ ಬೋಲ್ಟಿನ ತಿರುಪು (ಥ್ರೆಡ್) ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಆ ಬೋಲ್ಟು ಹಿಡಿದಿರುವುದು ಮನುಷ್ಯರು ಕೂರುವ ಸೀಟನ್ನು, ಅಲ್ವಾ? ನಿಮ್ಮ ಗಾಡಿಯ ಮಾದರಿಗೆಂದೇ ಮಾಡಿದ ಕಾಲು ಕೊಳ್ಳಿ. ಗಾಡಿ ತಯಾರಕರು ಹೇಳಿದಷ್ಟೇ ಬಿಗಿ ಬರುವಂತೆ ಟಾರ್ಕ್ ರೆಂಚಿನಲ್ಲಿ ಬಿಗಿಸಿ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ. ಅದು ಏರ್‌ಬ್ಯಾಗಿನ ವೈರು.

ಕಾಲಿನಿಂದ ಮೇಲೆ ಬರುವ ತೋಳು ಗಿಡ್ಡವಾಗಿರಲಿ. ಉದ್ದ ಮಾಡಿದಷ್ಟೂ ಕುಲುಕಾಟ ಜಾಸ್ತಿ. ತೋಳಿನ ತುದಿಯಲ್ಲಿ ಅಲುಗುವ ಪರದೆಯಲ್ಲಿ ಅಕ್ಷರ ಓದಲು ಹೋದರೆ ಸ್ವಲ್ಪ ಹೊತ್ತಿಗೇ ತಲೆ ಸುತ್ತುತ್ತದೆ.

ಇಷ್ಟು ಗೊತ್ತಾದ ಮೇಲೆ ಯಂತ್ರ. ಸಾಮಾನ್ಯ ಕಾರಿಗೆ 10ರಿಂದ 12 ಇಂಚು ಹಿಡಿಸುತ್ತದೆ. ಮೊದಲು ನೋಡಬೇಕಾದ್ದು ಪರದೆಯ ಬೆಳಕು. ಅದನ್ನು ಅಳೆಯುವುದು ನಿಟ್ಸ್ ಲೆಕ್ಕದಲ್ಲಿ. ಸಾಮಾನ್ಯ ಲ್ಯಾಪ್‌ಟಾಪಿನ ಪರದೆ 250–300 ನಿಟ್ಸ್ ಇರುತ್ತದೆ. ಮಧ್ಯಾಹ್ನದ ಬಿಸಿಲು ಬಿದ್ದಾಗ ಅದರಲ್ಲಿ ನಿಮ್ಮ ಮುಖ ಕಾಣುತ್ತದೆಯೇ ಹೊರತು ನಕ್ಷೆಯಲ್ಲ. ಹೊರಗಿನ ಕೆಲಸಕ್ಕೆಂದು ಮಾಡಿದ ಪರದೆಗಳು 800–1000 ನಿಟ್ಸ್ ಕೊಡುತ್ತವೆ. ಅಷ್ಟು ದುಡ್ಡು ಹಾಕಲು ಆಗದಿದ್ದರೆ ಹೊಳೆಯದ ಮ್ಯಾಟ್ ಪರದೆಯನ್ನಾದರೂ ಆರಿಸಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕುವ ಅಭ್ಯಾಸವಿದ್ದರೆ ಅದನ್ನು ಹಾಕಿಕೊಂಡೇ ಪರದೆ ನೋಡಿ. ಕೆಲವು ಕೋನಗಳಲ್ಲಿ ಪರದೆ ಪೂರ್ತಿ ಕಪ್ಪಾಗಿಬಿಡುತ್ತದೆ. ಒಳಗೆ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ ಡಿಸ್ಕ್, ಇರಲೇಬೇಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆ ತಟ್ಟೆಯ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಗುಂಡಿಗೆ ಇಳಿದು ಏಳುವ ಗಾಡಿಯಲ್ಲಿ ಅದು ಬಾಳುವುದಿಲ್ಲ. ಇನ್ನು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ: ಯಂತ್ರದ ಬುಡ ಹಿಡಿದು ಮೆಲ್ಲಗೆ ಅಲುಗಿಸಿ. ಪರದೆ ಹಿಂದಕ್ಕೆ ಬಿದ್ದರೆ ಆ ಹಿಂಜ್ ಗಾಡಿಗೆ ಆಗದು.

ನನ್ನ ಅನುಭವದಲ್ಲಿ ದೂರು ಹೆಚ್ಚಾಗಿ ಬರುವುದು ಕರೆಂಟಿನ ವಿಷಯದಲ್ಲೇ. ಒಬ್ಬರು ಸೆಕೆಂಡ್ ಹ್ಯಾಂಡ್ ಯಂತ್ರ ತಂದಿದ್ದರು. ಅದರ ಬ್ಯಾಟರಿ ಸತ್ತಿತ್ತು. "ಗಾಡಿಯ ಕರೆಂಟ್ ಇದೆಯಲ್ಲ ಸಾರ್, ಬ್ಯಾಟರಿ ಯಾಕೆ?" ಎಂದರು. ಗಾಡಿ ಸ್ಟಾರ್ಟ್ ಮಾಡಿದಾಗಲೆಲ್ಲ ಲ್ಯಾಪ್‌ಟಾಪ್ ಆಫ್ ಆಗುತ್ತಿತ್ತು. ಕಾರಣ ಸರಳ. ಎಂಜಿನ್ ಓಡುವಾಗ ಕಾರಿನಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. ಸೆಲ್ಫ್ ಹೊಡೆದ ಕ್ಷಣ ಅದು 10ಕ್ಕಿಂತ ಕೆಳಗೂ ಇಳಿಯಬಹುದು. ಆ ಕ್ಷಣ ಚಾರ್ಜರ್ ಕೈಕೊಟ್ಟರೆ ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿಯೇ ಅದನ್ನು ದಾಟಿಸಬೇಕು. ಹೊಸ ಬ್ಯಾಟರಿ ಹಾಕಿದ ಮೇಲೆ ಆ ದೂರು ನಿಂತಿತು.

ಇನ್ವರ್ಟರ್ ಬೇಡ ಎನ್ನುವುದು ನನ್ನ ಖಚಿತ ಮಾತು. 12 ವೋಲ್ಟನ್ನು ಮನೆಯ ಕರೆಂಟಿನಂತೆ ಏರಿಸಿ, ಮತ್ತೆ ಚಾರ್ಜರಿನಲ್ಲಿ 19–20 ವೋಲ್ಟಿಗೆ ಇಳಿಸುವುದೇಕೆ? ಎರಡು ಸಲವೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ನೇರವಾಗಿ 12ರಿಂದ ಏರಿಸಿ ಕೊಡುವ ಕಾರ್ ಚಾರ್ಜರ್ ಸಿಗುತ್ತದೆ. ಯುಎಸ್‌ಬಿ-ಸಿ ಇರುವ ಯಂತ್ರವಾದರೆ 20 ವೋಲ್ಟ್, 3 ಆಂಪಿಯರ್, ಅಂದರೆ 60 ವ್ಯಾಟಿನದ್ದು ಬಹಳಷ್ಟು ಸಣ್ಣ ಯಂತ್ರಗಳಿಗೆ ಸಾಕು. ಲಾರಿಗಳಲ್ಲಿ 24 ವೋಲ್ಟ್ ಇರುವುದರಿಂದ ಅದನ್ನೂ ತಡೆಯುವಂಥದ್ದೇ ಎಂದು ಲೇಬಲ್ ಓದಿ ಕೊಳ್ಳಿ. 60 ವ್ಯಾಟ್ ಕೊಡಲು ಗಾಡಿಯ ಕಡೆಯಿಂದ 5 ಆಂಪಿಯರಿಗಿಂತ ಜಾಸ್ತಿ ಎಳೆಯಬೇಕು. ಸಿಗರೇಟ್ ಲೈಟರ್ ಸಾಕೆಟ್ ಅಷ್ಟನ್ನು ಕೊಡುತ್ತದೆ. ಆದರೆ ಕುಲುಕಾಟಕ್ಕೆ ಪ್ಲಗ್ ಸಡಿಲವಾಗಿ ಬಿಸಿಯಾಗುತ್ತದೆ. ದಿನವೂ ಬಳಸುವವರಿಗೆ ನಾನು ಬ್ಯಾಟರಿಯಿಂದಲೇ ಬೇರೆ ವೈರು ಎಳೆಯುತ್ತೇನೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರುತ್ತದೆ, ಲ್ಯಾಪ್‌ಟಾಪಿನ ಹತ್ತಿರವಲ್ಲ. ನಡುವೆ ಎಲ್ಲಿ ವೈರು ಉಜ್ಜಿ ತಗಡಿಗೆ ತಾಗಿದರೂ ಅದು ಹಾರಬೇಕು. ಕೀಲಿ ತೆಗೆದಾಗ ಸಪ್ಲೈ ನಿಲ್ಲುವಂತೆ ಒಂದು ರಿಲೇ, ಅಂದರೆ ಕರೆಂಟಿನಿಂದ ತಾನೇ ಕೆಲಸ ಮಾಡುವ ಸ್ವಿಚ್, ಹಾಕುತ್ತೇನೆ. ಇಲ್ಲದಿದ್ದರೆ ರಾತ್ರಿಯೆಲ್ಲ ಎಳೆದು, ಬೆಳಿಗ್ಗೆ ಗಾಡಿಯೇ ಸ್ಟಾರ್ಟ್ ಆಗದಿರಬಹುದು.

ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಜಿಪಿಎಸ್ ಇರುವುದಿಲ್ಲ. ಸುತ್ತಲಿನ ವೈಫೈ ನೋಡಿ ಜಾಗ ಊಹಿಸುತ್ತವೆ. ಬಯಲಿನಲ್ಲಿ ಅದು ಕೆಲಸಕ್ಕೆ ಬಾರದು. ಯುಎಸ್‌ಬಿ ಜಿಪಿಎಸ್ ರಿಸೀವರ್ ಒಂದನ್ನು ಡ್ಯಾಶ್‌ಬೋರ್ಡಿನ ಮೇಲೆ, ಆಕಾಶ ಕಾಣುವಂತೆ ಇಡಿ. 20,000 ಕಿಲೋಮೀಟರಿಗೂ ಮೇಲಿನಿಂದ ಬರುವ ಸಿಗ್ನಲ್ ಬಹಳ ಕ್ಷೀಣವಾಗಿರುತ್ತದೆ. ಲೋಹದ ಲೇಪವಿರುವ ಗಾಜಾದರೆ ಒಳಗೆ ಬರುವುದೇ ಕಷ್ಟ. ಆಗ ಹೊರಗೆ ಛಾವಣಿಗೆ ಅಂಟುವ ಮ್ಯಾಗ್ನೆಟ್ ರಿಸೀವರ್ ಹಾಕುತ್ತೇನೆ. ಇನ್ನೊಂದು ವಿಚಿತ್ರ ಇದೆ. ರಿಸೀವರ್ ಚುಚ್ಚಿದ ಕೂಡಲೇ ಬಾಣದ ಗುರುತು ಪರದೆಯ ತುಂಬ ತಾನೇ ಕುಣಿಯತೊಡಗಿದರೆ ವೈರಸ್ ಎಂದು ಹೆದರಬೇಡಿ. ವಿಂಡೋಸ್ ಕೆಲವೊಮ್ಮೆ ರಿಸೀವರ್ ಕಳಿಸುವ ಮಾಹಿತಿಯನ್ನು ಹಳೇ ಕಾಲದ ಸೀರಿಯಲ್ ಮೌಸ್ ಎಂದು ತಿಳಿದುಕೊಳ್ಳುತ್ತದೆ. ಡಿವೈಸ್ ಮ್ಯಾನೇಜರಿಗೆ ಹೋಗಿ ಆ ಮೌಸನ್ನು ಡಿಸೇಬಲ್ ಮಾಡಿದರೆ ಆಯಿತು.

ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಯಂತ್ರ ಬಿಡಬೇಡಿ. ಹೆಚ್ಚಿನವು 35 ಡಿಗ್ರಿಯವರೆಗೆ ಕೆಲಸ ಮಾಡಲು ಮಾಡಿದಂಥವು. ಬೇಗ ಬಿಚ್ಚಿ ಒಯ್ಯಲು ಬರುವ ಹಿಡಿಕೆಯನ್ನೇ ಆರಿಸಲು ಇದೂ ಒಂದು ಕಾರಣ.

ಎಲ್ಲ ಕೂರಿಸಿದ ಮೇಲೆ ಕೆಟ್ಟ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಬರುತ್ತೇವೆ. ಬಂದ ಕೂಡಲೇ ಪ್ಲಗ್ಗನ್ನು ಕೈಯಿಂದ ಮುಟ್ಟಿ ಬಿಸಿ ನೋಡುತ್ತೇನೆ. ವಾರ ಬಿಟ್ಟು ಮತ್ತೆ ಬರಲು ಹೇಳುತ್ತೇನೆ. ತೋಳಿನ ನಟ್ಟುಗಳು ಅಷ್ಟರಲ್ಲಿ ಒಂದು ಕಾಲು ಸುತ್ತಾದರೂ ಸಡಿಲಾಗಿರುತ್ತವೆ.