ಕ್ಲೋರಿನ್ ಅಳೆದರೆ ಸಾಲದು, ಅದರಿಂದ ಹುಟ್ಟುವುದನ್ನೂ ಅಳೆಯಬೇಕು

ಉಡುಪಿ ನಗರಕ್ಕೆ ನೀರು ಕೊಡುವ ಬಜೆ ಅಣೆಕಟ್ಟು ಸ್ವರ್ಣಾ ನದಿಯ ಮೇಲಿದೆ. ಜೂನ್ ಮಳೆ ಹಿಡಿದೊಡನೆ ಗುಡ್ಡ, ತೋಟಗಳ ತರಗೆಲೆ ಕೊಳೆತು ಹೊಳೆಗೆ ಇಳಿಯುತ್ತದೆ. ಎಲೆ ಕೊಳೆತ ಸಾರ ಕರಗಿರುವ ನೀರಿಗೆ ಕ್ಲೋರಿನ್ ಬಿದ್ದರೆ ರೋಗಾಣುಗಳೇನೋ ಸಾಯುತ್ತವೆ. ಜೊತೆಗೆ ಕ್ಲೋರೋಫಾರ್ಮ್ ಮುಂತಾದ, ಟ್ರೈಹ್ಯಾಲೋಮೀಥೇನ್ ಎಂಬ ಗುಂಪಿನ ರಾಸಾಯನಿಕಗಳೂ ಉಪಉತ್ಪನ್ನಗಳಾಗಿ ಹುಟ್ಟುತ್ತವೆ. ಇಂತಹ ನೀರನ್ನು ದೀರ್ಘಕಾಲ ಬಳಸುವುದಕ್ಕೂ ಮೂತ್ರಕೋಶದ ಕ್ಯಾನ್ಸರ್‌ಗೂ ನಂಟಿರಬಹುದೆಂದು ಅಧ್ಯಯನಗಳು ಹೇಳಿವೆ.

ಅಮೆರಿಕದ ಜೆರ್ಸಿ ಸಿಟಿ 1908ರಲ್ಲೇ ನೀರಿಗೆ ಕ್ಲೋರಿನ್ ಹಾಕತೊಡಗಿತ್ತು. ಈ ಉಪಉತ್ಪನ್ನಗಳು ಕಣ್ಣಿಗೆ ಬಿದ್ದದ್ದು ಮಾತ್ರ 1974ರಲ್ಲಿ, ನೆದರ್ಲೆಂಡ್ಸ್‌ನ ರಸಾಯನಶಾಸ್ತ್ರಜ್ಞ ಯೋಹಾನ್ಸ್ ರೂಕ್ ಅವರಿಗೆ. 1979ರಲ್ಲಿ ಅಮೆರಿಕ ಒಟ್ಟು ಟ್ರೈಹ್ಯಾಲೋಮೀಥೇನ್‌ಗಳಿಗೆ ಲೀಟರಿಗೆ 100 ಮೈಕ್ರೋಗ್ರಾಂ ಮಿತಿ ಹಾಕಿತು, ಆದರೆ ಹತ್ತು ಸಾವಿರಕ್ಕಿಂತ ಹೆಚ್ಚು ಜನರಿಗೆ ನೀರು ಕೊಡುವ ವ್ಯವಸ್ಥೆಗಳಿಗೆ ಮಾತ್ರ. ಸಣ್ಣ ಊರುಗಳನ್ನು ನಿಯಮದೊಳಗೆ ತಂದು, ಮಿತಿಯನ್ನು 80ಕ್ಕೆ ಇಳಿಸಿದ್ದು 1998ರಲ್ಲಿ. ಸಣ್ಣ ಊರಿನವರ ಆರೋಗ್ಯ ಅಷ್ಟು ವರ್ಷ ಕಾಯಬೇಕಾಗಿ ಬಂದದ್ದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಕುಡಿಯುವ ನೀರಿಗೆ ನಮ್ಮ ದೇಶದ ಐಎಸ್ 10500:2012 ಮಾನದಂಡದಲ್ಲಿ ಕ್ಲೋರೋಫಾರ್ಮ್‌ಗೆ ಲೀಟರಿಗೆ 0.2 ಮಿಲಿಗ್ರಾಂ, ಅಂದರೆ 200 ಮೈಕ್ರೋಗ್ರಾಂ ಮಿತಿಯಿದೆ. ಆದರೆ ನಳ್ಳಿ ನೀರಿನ ಪರೀಕ್ಷೆ ಎಂದರೆ ಹೆಚ್ಚಾಗಿ ಟ್ಯೂಬಿಗೆ ಎರಡು ಹನಿ ದ್ರಾವಣ ಬಿಟ್ಟು ಹಳದಿ ಬಣ್ಣ ನೋಡುವುದು. ಕ್ಲೋರಿನ್ ಉಳಿದಿದೆಯೇ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಟ್ರೈಹ್ಯಾಲೋಮೀಥೇನ್ ಹಾರಿಹೋಗುವ ವಸ್ತು. ಅದಕ್ಕೆ ಗಾಜಿನ ಸಣ್ಣ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಬೇಕು, ಕ್ಲೋರಿನ್‌ನ ಕೆಲಸ ನಿಲ್ಲಿಸಲು ಸೋಡಿಯಂ ಥಯೋಸಲ್ಫೇಟ್ ಹಾಕಬೇಕು, ತಂಪಾಗಿಟ್ಟು ಪ್ರಯೋಗಾಲಯಕ್ಕೆ ಒಯ್ದು ವಸ್ತುಗಳನ್ನು ಆವಿಯಾಗಿಸಿ ಬೇರೆಬೇರೆ ಮಾಡುವ ಗ್ಯಾಸ್ ಕ್ರೊಮೆಟೋಗ್ರಾಫ್ ಯಂತ್ರದಲ್ಲಿ ಅಳೆಯಬೇಕು. ಸಣ್ಣ ಪಟ್ಟಣ ಪಂಚಾಯಿತಿಯ ಕೈಗೆ ಎಟುಕುವ ಯಂತ್ರವಲ್ಲ ಅದು. ಹಾಗಾಗಿ ಪ್ರಯೋಗಾಲಯದ ವ್ಯವಸ್ಥೆ ಜಿಲ್ಲಾ ಮಟ್ಟದಲ್ಲೇ ಆಗಬೇಕು.

ಮಾದರಿ ಎಲ್ಲಿಂದ ತೆಗೆಯುತ್ತೇವೆ ಎಂಬುದೂ ಮುಖ್ಯ. ಪೈಪಿನಲ್ಲಿ ನೀರು ಹೆಚ್ಚು ಹೊತ್ತು ನಿಂತಷ್ಟೂ, ಬಿಸಿಲು ಏರಿದಷ್ಟೂ ಈ ವಸ್ತುಗಳು ಹೆಚ್ಚುತ್ತವೆ. ಶುದ್ಧೀಕರಣ ಘಟಕದ ಬಾಗಿಲಲ್ಲಿ ಕಡಿಮೆಯಿದ್ದದ್ದು ಕೊನೆಯ ಮನೆಯ ನಳ್ಳಿಯಲ್ಲಿ ಹೆಚ್ಚಿರಬಹುದು. ಕಡಲ ಬದಿಯ ಉಪ್ಪು ನುಗ್ಗಿದ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ, ಉಪ್ಪಿನೊಡನೆ ಬಂದ ಬ್ರೋಮೈಡ್‌ನಿಂದ ಬ್ರೋಮಿನ್ ಬೆರೆತ ಬಗೆಗಳೂ ಹುಟ್ಟುತ್ತವೆ.

ಇದನ್ನು ಓದಿ ಯಾರೂ ಕ್ಲೋರಿನ್ ನಿಲ್ಲಿಸಬಾರದು. ರೋಗಾಣು ಇಂದೇ ಮಲಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಸೋಂಕು ನಿವಾರಣೆಯಲ್ಲಿ ರಾಜಿ ಬೇಡವೆಂದೇ ಹೇಳುತ್ತದೆ. ಮೊದಲು ಪಟಿಕ ಹಾಕಿ ಕೆಸರು ಇಳಿಸಿ, ಸೋಸಿ, ಆಮೇಲೆ ಕ್ಲೋರಿನ್ ಹಾಕಿದರೆ ಉಪಉತ್ಪನ್ನ ಬಹಳಷ್ಟು ತಗ್ಗುತ್ತದೆ. ಪರೀಕ್ಷೆಯನ್ನು ಜೂನ್‌ನ ಮೊದಲ ದೊಡ್ಡ ಮಳೆಯ ನಂತರ ಒಮ್ಮೆ, ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಪೈಪ್ ಸಾಲಿನ ಕಟ್ಟಕಡೆಯ ಮನೆಯ ನಳ್ಳಿಯಿಂದಲೇ ಮಾಡಿಸಿ, ಫಲಿತಾಂಶವನ್ನು ಪಂಚಾಯಿತಿಯ ಫಲಕದಲ್ಲಿ ಅಂಟಿಸಲಿ.